ಬ್ಲ್ಯಾಕ್ ಸಬ್ಬತ್ ಮೊದಲ ಆಲ್ಬಮ್: ಆ ಭಾರ ಎಲ್ಲಿಂದ ಬಂತು?

2025ರ ಜುಲೈ 22ಕ್ಕೆ ಆಝಿ ಆಸ್ಬೋರ್ನ್ ತೀರಿಕೊಂಡ ಮೇಲೆ ನನಗೆ ತುಂಬ ಸಲ ಬಂದ ಪ್ರಶ್ನೆ ಒಂದೇ: ಬ್ಲ್ಯಾಕ್ ಸಬ್ಬತ್ ಕೇಳೋದಾದ್ರೆ ಎಲ್ಲಿಂದ ಶುರು ಮಾಡಬೇಕು? ನನ್ನ ಉತ್ತರ, ಮೊದಲ ಆಲ್ಬಮ್‌ನಿಂದ. ಬ್ಯಾಂಡಿನ ಹೆಸರು, ಆಲ್ಬಮ್ ಹೆಸರು, ಮೊದಲ ಹಾಡಿನ ಹೆಸರು, ಮೂರೂ ಒಂದೇ. ಇಂಗ್ಲೆಂಡ್‌ನಲ್ಲಿ ಇದು ಬಿಡುಗಡೆಯಾಗಿದ್ದು 1970ರ ಫೆಬ್ರುವರಿ 13, ಶುಕ್ರವಾರ.

ಈ ಬ್ಯಾಂಡ್ ಅಂದ ತಕ್ಷಣ ಜನ ಸೈತಾನ, ಮಾಟ ಮಂತ್ರ ಅಂತ ಮಾತಾಡ್ತಾರೆ. ನನ್ನ ಪ್ರಕಾರ ಈ ಸಂಗೀತದ ಭಾರ ಬಂದಿದ್ದು ಫ್ಯಾಕ್ಟರಿಯಿಂದ, ಇಲ್ಲಗಳಿಂದ. ಸಮಯ ಇಲ್ಲ, ದುಡ್ಡು ಇಲ್ಲ, ಗಿಟಾರಿಸ್ಟ್‌ಗೆ ಎರಡು ಬೆರಳಿನ ತುದಿಯೂ ಇಲ್ಲ.

ನಾಲ್ವರೂ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ಕಡೆಯ ಹುಡುಗರು. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದಿದ್ದ, ಸುತ್ತ ಕಾರ್ಖಾನೆಗಳೇ ಇದ್ದ ಊರು. ಆಝಿ ಕಸಾಯಿಖಾನೆಯಲ್ಲಿ ಕೆಲಸ ಮಾಡಿದ್ರು, ಕಾರಿನ ಹಾರ್ನ್ ಟ್ಯೂನ್ ಮಾಡೋ ಕೆಲಸಾನೂ ಮಾಡಿದ್ರು. ಗಿಟಾರಿಸ್ಟ್ ಟೋನಿ ಅಯೋಮಿ ಶೀಟ್ ಮೆಟಲ್ ಫ್ಯಾಕ್ಟರಿಯಲ್ಲಿದ್ರು. 17ನೇ ವಯಸ್ಸಿಗೆ, ಕೆಲಸ ಬಿಡೋ ಕೊನೇ ದಿನ, ಬಲಗೈಯ ಎರಡು ಬೆರಳಿನ ತುದಿ ಮೆಷಿನ್‌ಗೆ ಸಿಕ್ಕಿ ಹೋಯ್ತು. ಅವರು ಎಡಚ. ಹಾಗಾಗಿ ತಂತಿ ಒತ್ತೋದು ಅದೇ ಬಲಗೈ.

ಆಮೇಲೆ ಅವರು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ತಾವೇ ಟೊಪ್ಪಿಗೆ ಮಾಡಿಕೊಂಡ್ರು. ದಪ್ಪ ತಂತಿ ಒತ್ತೋಕೆ ಕಷ್ಟ ಅಂತ ತೆಳು ತಂತಿ ಹಾಕಿದ್ರು. ಇಡೀ ಕೈ ಹರಡಿ ಹಿಡಿಯೋ ದೊಡ್ಡ ಕಾರ್ಡ್‌ಗಳ ಬದಲು, ಷಡ್ಜ ಪಂಚಮ ಎರಡೇ ಸ್ವರದ ಪವರ್ ಕಾರ್ಡ್‌ಗಳನ್ನ ಹೆಚ್ಚು ನೆಚ್ಚಿಕೊಂಡ್ರು. ಕಡಿಮೆ ಸ್ವರದಲ್ಲಿ ತುಂಬಿದ ಸದ್ದು ಹೇಗೆ ಬರಿಸೋದು ಅನ್ನೋದೇ ಅವರ ಹುಡುಕಾಟ ಆಯ್ತು. ಕಾಮರ್ಸ್ ಓದಿದ ನನಗೆ ಇದು ನಷ್ಟದ ಕಾಲಂನಲ್ಲಿ ಬರೆಯಬೇಕಾದ ಐಟಂ. ಇಲ್ಲಿ ಅದೇ ಬಂಡವಾಳ ಆಯ್ತು.

ಈಗ ಮೊದಲ ಹಾಡಿಗೆ ಬರೋಣ. ಮಳೆ, ಗುಡುಗು, ದೂರದ ಚರ್ಚ್ ಗಂಟೆ. ಇವನ್ನ ಆಮೇಲೆ ಸೇರಿಸಿದ್ದು. ನಂತರ ಗಿಟಾರ್‌ನಲ್ಲಿ ನಿಧಾನಕ್ಕೆ ಮೂರೇ ಸ್ವರ: ಕೆಳಗಿನ ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿ ಮಧ್ಯಮ. ಈ ಅಂತರಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ ಟ್ರೈಟೋನ್ ಅಂತಾರೆ. ಬೇಸ್ ವಾದಕ ಗೀಝರ್ ಬಟ್ಲರ್‌ಗೆ ಗುಸ್ತಾವ್ ಹೋಲ್ಸ್ಟ್ ಅವರ 'ಮಾರ್ಸ್' ಕೃತಿ ಇಷ್ಟ. ಅದನ್ನ ನುಡಿಸ್ತಿದ್ದಾಗ ಹುಟ್ಟಿದ ರಿಫ್ ಇದು.

ಅದೇ ಪ್ರತಿ ಮಧ್ಯಮ ನಮ್ಮ ಕಲ್ಯಾಣಿಯಲ್ಲೂ ಇದೆ, ಅಲ್ಲಿ ಯಾರೂ ಹೆದರಲ್ಲ. ಯಾಕೆ? ಕಲ್ಯಾಣಿಯಲ್ಲಿ ಆ ಸ್ವರಕ್ಕೆ ಆಚೀಚೆ ಗಾಂಧಾರ, ಪಂಚಮ ಇವೆ, ಒಂದು ಮನೆ ಇದೆ. ಇಲ್ಲಿ ಅದು ಒಂಟಿಯಾಗಿ ನಡುಗ್ತಾ ನಿಲ್ಲುತ್ತೆ, ಪಂಚಮಕ್ಕೆ ಬಂದು ವಿಶ್ರಾಂತಿ ತಗೊಳ್ಳಲ್ಲ, ಮತ್ತೆ ಕೆಳಗಿನ ಷಡ್ಜಕ್ಕೆ ಬೀಳುತ್ತೆ. ಭಯ ಇರೋದು ಆ ಒಂಟಿತನದಲ್ಲಿ. ಹಾಡಿನ ಮನುಷ್ಯ ಸೈತಾನನನ್ನ ಹೊಗಳಲ್ಲ, ಅವನನ್ನ ಕಂಡು ನಡುಗಿ ದೇವರೇ ಕಾಪಾಡು ಅಂತಾನೆ. ಕೊನೆಗೆ ವೇಗ ಏರುವಾಗ ಅದು ಓಡಿಹೋಗೋ ವೇಗ.

'ದ ವಿಝರ್ಡ್' ಹಗುರ. ಆಝಿ ಊದೋ ಹಾರ್ಮೋನಿಕಾ ಮತ್ತು ಗಿಟಾರ್ ಒಟ್ಟಿಗೆ ಓಡ್ತವೆ. ಇದಕ್ಕೆ ಪ್ರೇರಣೆ ಟೋಲ್ಕಿನ್ ಅವರ ಗ್ಯಾಂಡಾಲ್ಫ್. ಇಲ್ಲಿ ಬಿಲ್ ವಾರ್ಡ್ ಡ್ರಮ್ಸ್ ಗಮನಿಸಿ. ಅವರು ಜಾಝ್ ಕೇಳಿ ಬೆಳೆದವರು, ಹಾಗಾಗಿ ತಾಳ ಮೊಳೆ ಹೊಡೆದ ಹಾಗಿರಲ್ಲ, ತೂಗುತ್ತೆ.

'ಎನ್.ಐ.ಬಿ.' ಈ ಆಲ್ಬಮ್‌ನಲ್ಲಿ ನನ್ನ ಫೇವರಿಟ್. ಮೊದಲು ಬೇಸ್ ಸೋಲೋ, ಆಮೇಲೆ ಅಪ್ಪಟ ರಿಫ್. ಪ್ರೀತಿಯಲ್ಲಿ ಬಿದ್ದ ಲೂಸಿಫರ್ ಇಲ್ಲಿ ಮಾತಾಡ್ತಾನೆ. ಹೆಸರಿಗೆ ಜನ ಏನೇನೋ ಗೂಢಾರ್ಥ ಕಟ್ಟಿದ್ರು. ಬ್ಯಾಂಡ್ ಹೇಳಿದ್ದು ಬೇರೆ: ಬಿಲ್ ವಾರ್ಡ್ ಗಡ್ಡ ಪೆನ್ನಿನ ನಿಬ್ ಥರ ಇತ್ತು, ಅಷ್ಟೇ!

ಉಳಿದದ್ದರಲ್ಲಿ 'ಈವಿಲ್ ವುಮನ್' ಮತ್ತು 'ವಾರ್ನಿಂಗ್' ಬೇರೆಯವರ ಹಾಡುಗಳು. 'ವಾರ್ನಿಂಗ್' 10 ನಿಮಿಷ ದಾಟುತ್ತೆ, ಮಧ್ಯೆ ಗಿಟಾರ್ ಸ್ವಲ್ಪ ದಾರಿ ತಪ್ಪಿ ಅಲೆಯುತ್ತೆ. ಆದ್ರೆ ಕ್ಲಬ್‌ಗಳಲ್ಲಿ ಇವರು ಹೇಗೆ ನುಡಿಸ್ತಿದ್ರು ಅನ್ನೋದು ಅಲ್ಲೇ ಸಿಗೋದು. ಅಮೆರಿಕದ ಆವೃತ್ತಿಯಲ್ಲಿ 'ಈವಿಲ್ ವುಮನ್' ಜಾಗಕ್ಕೆ 'ವಿಕೆಡ್ ವರ್ಲ್ಡ್' ಬಂತು. ಯುದ್ಧ, ರಾಜಕಾರಣ, ಬಡತನದ ಬಗ್ಗೆ ಸಿಟ್ಟಿನ ಹಾಡು, ಬಿಡಬೇಡಿ.

ಇದೆಲ್ಲ ರೆಕಾರ್ಡ್ ಆಗಿದ್ದು 1969ರ ಅಕ್ಟೋಬರ್‌ನಲ್ಲಿ, ಲಂಡನ್‌ನ ರೀಜೆಂಟ್ ಸೌಂಡ್ ಸ್ಟುಡಿಯೋದಲ್ಲಿ, ಒಂದೇ ದಿನ. ನಿರ್ಮಾಪಕ ರಾಜರ್ ಬೇನ್. ಬ್ಯಾಂಡ್ ಒಟ್ಟಿಗೆ ನುಡಿಸ್ತು, ಆಝಿ ಪಕ್ಕದ ಬೂತ್‌ನಲ್ಲಿ ನಿಂತು ಜೊತೆಗೇ ಹಾಡಿದ್ರು. ತಿದ್ದಿ ನುಣುಪು ಮಾಡೋಕೆ ಟೈಮೇ ಇರಲಿಲ್ಲ. ಆ ಒರಟುತನ ಇವತ್ತೂ ಕೇಳಿಸುತ್ತೆ.

ಸೈತಾನನ ಕಥೆ ಹಬ್ಬಿಸಿದ್ದರಲ್ಲಿ ಮಾರ್ಕೆಟಿಂಗ್ ಪಾಲೂ ಇದೆ. ಕವರ್ ಒಳಗಿನ ತಲೆಕೆಳಗಾದ ಶಿಲುಬೆ ರೆಕಾರ್ಡ್ ಕಂಪನಿಯ ಐಡಿಯಾ, ಅದು ಬ್ಯಾಂಡಿಗೆ ಮೊದಲು ಗೊತ್ತೇ ಇರಲಿಲ್ಲ. 'ರೋಲಿಂಗ್ ಸ್ಟೋನ್' ವಿಮರ್ಶೆ ಆಲ್ಬಮ್‌ನ ಜಾಡಿಸಿತು. ಕೇಳುಗರು ಕಿವಿಗೆ ಹಾಕ್ಕೊಳ್ಳಲಿಲ್ಲ: ಬ್ರಿಟನ್‌ನಲ್ಲಿ 8ನೇ ಸ್ಥಾನ, ಅಮೆರಿಕದಲ್ಲಿ 23.

ಪೂರ್ತಿ ಆಲ್ಬಮ್‌ಗೆ ಸಮಯ ಇಲ್ಲ ಅಂದ್ರೆ ಮೊದಲ ಹಾಡು, ಆಮೇಲೆ 'ಎನ್.ಐ.ಬಿ.' ಕೇಳಿ. ಹೆಡ್‌ಫೋನ್ ಹಾಕಿ, ಮಳೆ ಸದ್ದನ್ನ ಸ್ಕಿಪ್ ಮಾಡದೆ. ಆ ಮೂರನೇ ಸ್ವರ ಬಂದಾಗ ನಿಮಗೆ ಏನನ್ನಿಸ್ತು ಅಂತ ಬರೆದು ಕಳಿಸಿ. ಮುಂದಿನ ವಾರ ಸಿಗೋಣ.