ಸತ್ತಿದೆಯೋ, ಸುಮ್ಮನಿದೆಯೋ?

ಕಡತಗಳೆಲ್ಲ ಒಂದೇ ಸರ್ವರಿನಲ್ಲಿರಲಿ, ಯಾವ ಕಂಪ್ಯೂಟರಿನಲ್ಲಿ ಕೂತು ತೆರೆದರೂ ಅಲ್ಲೇ ಇದ್ದಂತೆ ಕಾಣಲಿ ಎಂದು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ರೂಪಿಸಿದ ಪದ್ಧತಿ ಎನ್‌ಎಫ್‌ಎಸ್. ಇವತ್ತಿಗೂ ಅದು ನಡೆಯುತ್ತಿದೆ. ಆದರೆ ಎಲ್ಲರ ಗಂಟನ್ನೂ ಒಂದೇ ಕಡೆ ಇಟ್ಟ ಮೇಲೆ ಆ ಸರ್ವರು ಕೆಟ್ಟ ದಿನ ಎಲ್ಲರಿಗೂ ರಜೆಯೇ. ಹಾಗಾಗಿ ಸರ್ವರುಗಳನ್ನು ಜೋಡಿಯಾಗಿ ಇಡುವುದು ರೂಢಿ. ಒಂದು ಬಿದ್ದರೆ ಇನ್ನೊಂದು ಅದರ ಐಪಿ ವಿಳಾಸವನ್ನೂ ಡಿಸ್ಕುಗಳನ್ನೂ ತನ್ನ ಸುಪರ್ದಿಗೆ ತೆಗೆದುಕೊಂಡು ಕೆಲಸ ಮುಂದುವರಿಸುತ್ತದೆ. ಇದು ಫೇಲ್‌ಓವರ್.

ಬಳಸುವವರಿಗೆ ಕಾಣುವುದು ಸ್ವಲ್ಪವೇ. ತೆರೆದ ಕಡತ ಅಲ್ಲಾಡದೆ ಕೂರುತ್ತದೆ. ಲಿನಕ್ಸ್ ಲಾಗಿನಲ್ಲಿ ‘ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್’ ಎಂಬ ಸಾಲು ಮೂಡುತ್ತದೆ, ತುಸು ಹೊತ್ತಿಗೆ ಸರ್ವರು ‘ಓಕೆ’ ಎಂಬ ಸಾಲು. ಹಳೆಯ ಎನ್‌ಎಫ್‌ಎಸ್ ಸರ್ವರು ಯಾರು ಯಾವ ಕಡತ ತೆರೆದಿದ್ದಾರೆಂದು ನೆನಪಿಟ್ಟುಕೊಳ್ಳುವ ಗೋಜಿಗೇ ಹೋಗುತ್ತಿರಲಿಲ್ಲ. ಬೇಕಾದ ವಿವರವನ್ನೆಲ್ಲ ಪ್ರತಿ ಕೋರಿಕೆಯೇ ಹೊತ್ತು ತರುತ್ತಿತ್ತು. ಉತ್ತರ ಕೊಟ್ಟದ್ದು ಯಾವ ಯಂತ್ರ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.

ನಿಜವಾದ ತಲೆನೋವು ಇದಕ್ಕೂ ಮೊದಲಿನದು. ಜೊತೆಯ ಯಂತ್ರ ಬಿದ್ದಿದೆ ಎಂದು ಗೊತ್ತಾಗುವುದು ಹೇಗೆ? ಎರಡೂ ಒಂದಕ್ಕೊಂದು ಎಡೆಬಿಡದೆ ‘ಇದ್ದೇನೆ’ ಎಂಬ ಪುಟ್ಟ ಸಂದೇಶ ಕಳಿಸುತ್ತಿರುತ್ತವೆ. ಆಡಳಿತಗಾರರ ಬಾಯಲ್ಲಿ ಅದು ಹಾರ್ಟ್‌ಬೀಟ್. ಅದು ನಿಂತಿತು ಎನ್ನಿ. ಯಂತ್ರ ಸತ್ತಿರಬಹುದು, ನಡುವಿನ ಕೇಬಲ್ ಕಿತ್ತಿರಬಹುದು, ಇಲ್ಲವೇ ಅದು ವಿಪರೀತ ಕೆಲಸದಲ್ಲಿ ಮುಳುಗಿರಬಹುದು. ಈ ಕಡೆಯಿಂದ ನೋಡಿದರೆ ಮೂರೂ ಒಂದೇ ಥರ. ಸತ್ತಿತೆಂದು ನಂಬಿ ಡಿಸ್ಕಿಗೆ ಕೈಹಾಕಿದ ಮೇಲೆ ಅದು ಬದುಕಿಯೇ ಇದ್ದರೆ, ಇಬ್ಬರು ಶಾನುಭೋಗರು ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಲೆಕ್ಕದ ಪುಸ್ತಕ ಬರೆದ ಕಥೆಯಾಗುತ್ತದೆ. ಆಮೇಲೆ ಯಾವ ಪುಟವನ್ನೂ ನಂಬುವಂತಿಲ್ಲ.

ಇದಕ್ಕೆ ಕಂಡುಕೊಂಡ ಪರಿಹಾರ ನಿರ್ದಯವಾದದ್ದು: ಅನುಮಾನ ಬಂದರೆ ಮೊದಲು ಎದುರಿನ ಯಂತ್ರದ ಕರೆಂಟು ತೆಗೆ, ಆಮೇಲೆ ಡಿಸ್ಕು ಮುಟ್ಟು. ಸರ್ವರಿನ ಮದರ್‌ಬೋರ್ಡಿನಲ್ಲಿ ಬಿಎಂಸಿ ಎಂಬ ಸಣ್ಣದೊಂದು ಪ್ರತ್ಯೇಕ ಕಂಪ್ಯೂಟರ್ ಇರುತ್ತದೆ. ಸರ್ವರು ಆಫ್ ಆಗಿದ್ದರೂ ಪ್ಲಗ್ಗಿನಲ್ಲಿ ವಿದ್ಯುತ್ ಇರುವವರೆಗೂ ಅದು ಎಚ್ಚರವಾಗಿರುತ್ತದೆ. ಫ್ಯಾನಿನ ವೇಗ, ಉಷ್ಣತೆ, ವೋಲ್ಟೇಜು ನೋಡಿ ವರದಿ ಮಾಡುವುದು ಅದರ ದಿನನಿತ್ಯದ ಕೆಲಸ. ಹೊರಗಿನಿಂದ ಅಪ್ಪಣೆ ಬಂದರೆ ತನ್ನ ಸರ್ವರನ್ನೇ ಆರಿಸುವುದೂ ಅದೇ.

ಮದ್ದೇ ಮುಳುವಾಗುವುದೂ ಉಂಟು. 2012ರ ಡಿಸೆಂಬರ್ 22ರಂದು ಗಿಟ್‌ಹಬ್ ಕಂಪನಿಯಲ್ಲಿ ಸ್ವಿಚ್ಚುಗಳ ತಂತ್ರಾಂಶ ನವೀಕರಣದ ಕೆಲಸ ನಡೆದಿದ್ದಾಗ ಜಾಲ ತುಸು ಹೊತ್ತು ಸ್ತಬ್ಧವಾಯಿತು. ಅಲ್ಲಿನ ಕಡತ ಸರ್ವರುಗಳೂ ಜೋಡಿ ಜೋಡಿಯಾಗಿಯೇ ಇದ್ದವು. ಜೊತೆಗಾರ ಮಾತಾಡುತ್ತಿಲ್ಲವೆಂದು ಎರಡೂ ಕಡೆಯವು ಕೊಲ್ಲುವ ಅಪ್ಪಣೆ ಹೊರಡಿಸಿದವು. ಕೆಲವು ಜೋಡಿಗಳಲ್ಲಿ ಎರಡೂ ಒಟ್ಟಿಗೇ ಆರಿದವು. ಯಾವ ಯಂತ್ರವೂ ಕೆಟ್ಟಿರಲಿಲ್ಲ ಎಂಬುದು ಇಲ್ಲಿನ ಸೊಗಸು. ಎರಡೇ ಯಂತ್ರಗಳಿದ್ದರೆ ಬಹುಮತ ಎಂಬುದೇ ಹುಟ್ಟುವುದಿಲ್ಲ. ಅದಕ್ಕೇ ಕಡತ ಇಟ್ಟುಕೊಳ್ಳದೆ ಬರೀ ಮತ ಹಾಕುವ ಮೂರನೆಯದೊಂದನ್ನು ಜೊತೆಗಿಡುವುದು ಜಾಣತನ.

ಡಿಸ್ಕುಗಳ ಮಾತಿಗೆ ಬಂದರೆ, ಅವು ತಮ್ಮ ಆರೋಗ್ಯವನ್ನು ಸ್ಮಾರ್ಟ್ ಎಂಬ ವ್ಯವಸ್ಥೆಯ ಮೂಲಕ ತಾವೇ ಹೇಳಿಕೊಳ್ಳುತ್ತವೆ. ಗೂಗಲ್ 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನ ಪ್ರಕಟಿಸಿತು. ಕೆಟ್ಟುಹೋದವುಗಳಲ್ಲಿ 36%ಕ್ಕೂ ಹೆಚ್ಚಿನವು, ಉಷ್ಣತೆಯ ಲೆಕ್ಕ ಬಿಟ್ಟರೆ, ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ! ಆದ್ದರಿಂದ ಡಿಸ್ಕು ‘ಚೆನ್ನಾಗಿದ್ದೇನೆ’ ಎಂದರೆ ಸಾಲದು. ಯಾರೂ ಕೇಳದಿದ್ದರೂ ಪ್ರತಿ ಬ್ಲಾಕನ್ನೂ ಆಗಾಗ ಓದಿಸಿ ತಾಳೆ ನೋಡಬೇಕು. ಡಿಸ್ಕುಗಳ ಸೂಕ್ಷ್ಮ ಎಷ್ಟೆಂದರೆ, ಸನ್ ಕಂಪನಿಯ ಬ್ರೆಂಡನ್ ಗ್ರೆಗ್ ಡಿಸ್ಕುಗಳ ಸಾಲಿನ ಹತ್ತಿರ ಬಾಯಿಟ್ಟು ಕಿರುಚಿದಾಗ, ಆ ಕಂಪನಕ್ಕೇ ಅವುಗಳ ವಿಳಂಬ ಪರದೆಯ ಮೇಲೆ ಚಿಮ್ಮಿದ ವಿಡಿಯೊ ಇದೆ.

ಇನ್ನು ಆಡಿಟ್. ಕಡತ ಅಳಿಸಿದ್ದು ಯಾರು, ಯಾವಾಗ, ಯಾವ ವಿಳಾಸದಿಂದ ಎಂಬುದನ್ನು ಲಾಗು ಬರೆದಿಡುತ್ತದೆ. ಆದರೆ ಎನ್‌ಎಫ್‌ಎಸ್‌ನ ಮಾಮೂಲಿ ಏರ್ಪಾಟಿನಲ್ಲಿ ಬಳಕೆದಾರನೆಂದರೆ ಕೇಳುವ ಕಂಪ್ಯೂಟರು ತಾನೇ ಹೇಳಿದ ಒಂದು ಸಂಖ್ಯೆ, ಅಷ್ಟೆ. ಆ ಕಂಪ್ಯೂಟರಿನಲ್ಲಿ ರೂಟ್ ಅಧಿಕಾರ ಇದ್ದವರು ಬೇಕಾದವರ ಸಂಖ್ಯೆ ಹೇಳಿಕೊಂಡು ಒಳಬರಬಹುದು. ಲಾಗು ನಿರಪರಾಧಿಯ ಹೆಸರು ಬರೆದುಕೊಂಡು ಸುಮ್ಮನಿರುತ್ತದೆ. ಇಂಥ ಲಾಗು ಹಿಡಿದು ಯಾರನ್ನಾದರೂ ಕೆಲಸದಿಂದ ತೆಗೆಯುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಗುರುತು ಖಚಿತವಾಗಬೇಕಾದರೆ ಕರ್ಬೆರಾಸ್ ಎಂಬ ವ್ಯವಸ್ಥೆ ಹಾಕಬೇಕು. ಅದು ಸಹಿ ಮಾಡಿದ ಚೀಟಿ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಆದರೆ ಯಂತ್ರಗಳ ಗಡಿಯಾರಗಳ ನಡುವೆ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ಅಂತರ ಬಂದರೆ ಅದು ಅಸಲಿ ಚೀಟಿಯನ್ನೂ ತಿರಸ್ಕರಿಸುತ್ತದೆ. ಹಾಗಾಗಿ ಫ್ಯಾನು, ಡಿಸ್ಕುಗಳ ಜೊತೆಗೆ ಗಡಿಯಾರವನ್ನೂ ಕಾಯುವ ಕೆಲಸ ಆಡಳಿತಗಾರನ ತಲೆಗೇ ಬಂತು.