ಯಾವರಾತ್ ಬೀದಿಯ ಅರ್ಧ ಡಬ್ಬಿ ಅನ್ನ

ಕೆಲಸಕ್ಕೆ ಸೇರಿ ನಾಲ್ಕು ತಿಂಗಳೂ ಆಗಿರಲಿಲ್ಲ. ಐದು ದಿನದ ತರಬೇತಿಗೆ ಬ್ಯಾಂಕಾಕ್‌ಗೆ ಹೋಗಬೇಕು ಎಂದು ಮೇಲ್ ಬಂದಾಗ ದಾವಣಗೆರೆಯ ನಮ್ಮ ಮನೆಯಲ್ಲಿ ಹಬ್ಬದ ವಾತಾವರಣ. ಪಾಸ್‌ಪೋರ್ಟಿಗೆ ಮೊದಲ ಮೊಹರು ಬೀಳುವ ಸಂಭ್ರಮ ನನಗೆ, ಮಗಳು ಅಲ್ಲಿ ಏನು ತಿನ್ನುತ್ತಾಳೋ ಎಂಬ ಚಿಂತೆ ಅಮ್ಮನಿಗೆ. ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ ಎಲ್ಲ ಸೇರಿ ನಾಲ್ಕು ಕಿಲೋ ತೂಗಿದವು. ‘ಬೀದಿ ಬದಿ ಏನೂ ತಿನ್ನಬ್ಯಾಡ ನೋಡು’ ಎಂದು ನಾನು ವಿಮಾನ ಹತ್ತುವವರೆಗೂ ಫೋನಿನಲ್ಲಿ ಹೇಳುತ್ತಲೇ ಇದ್ದಳು. ಮಂಡಕ್ಕಿ ಮಿರ್ಚಿ ತಿಂದೇ ಬೆಳೆದವಳಿಗೆ ಈ ಮಾತು!

ಎರಡು ದಿನ ಅವಲಕ್ಕಿಯಲ್ಲಿ ಕಳೆದೆ. ಮೂರನೇ ಸಂಜೆ ತಡೆಯಲಾಗಲಿಲ್ಲ. ನಮ್ಮ ತಂಡದಲ್ಲಿ ಮಂಗಳೂರಿನ ಅಕ್ಕ ಒಬ್ಬರಿದ್ದರು, ಬ್ಯಾಂಕಾಕ್ ಅವರಿಗೆ ಹಳೆಯ ಪರಿಚಯ. ‘ಬಾ ಮಾರಾಯ್ತಿ, ತೋರಿಸ್ತೇನೆ’ ಎಂದು ಮೆಟ್ರೊ ಹತ್ತಿಸಿ ಚೈನಾಟೌನ್‌ನ ಯಾವರಾತ್ ರಸ್ತೆಗೆ ಕರೆದುಕೊಂಡು ಹೋದರು. ಕತ್ತಲಾಗುತ್ತಿದ್ದಂತೆ ಆ ರಸ್ತೆಯ ಎರಡೂ ಬದಿ ಒಲೆ, ಹೊಗೆ, ಜನ. ನಮ್ಮ ವಿ.ವಿ. ಪುರಂ ತಿಂಡಿ ಬೀದಿಯನ್ನು ಹತ್ತು ಪಟ್ಟು ಹಿಗ್ಗಿಸಿದ ಹಾಗಿತ್ತು.

ಅಕ್ಕ ಕಂಡಕಂಡಲ್ಲಿ ನಿಲ್ಲುವವರಲ್ಲ. ಮೊದಲು ಏನೂ ಕೊಳ್ಳದೆ ಇಡೀ ಬೀದಿ ಒಂದು ಸುತ್ತು ಹಾಕಿಸಿದರು. ಊರಿನವರೇ ಸಾಲು ನಿಂತಿರುವ ಗಾಡಿ ಯಾವುದು, ಕೇಳಿದ ಮೇಲೆ ಬಾಣಲೆಗೆ ಹಾಕುವವರು ಯಾರು, ಮೊದಲೇ ಮಾಡಿಟ್ಟು ರಾಶಿ ಹಾಕಿಕೊಂಡವರು ಯಾರು, ಹಣ ಮುಟ್ಟಿದ ಕೈಯಲ್ಲೇ ತಟ್ಟೆಗೆ ಬಡಿಸುತ್ತಿದ್ದಾರಾ... ಇಷ್ಟನ್ನು ನೋಡುವುದಕ್ಕೆ ಭಾಷೆ ಬೇಕಿಲ್ಲ. ಹೆಚ್ಚಿಟ್ಟ ಪಪ್ಪಾಯಿ, ಅನಾನಸ್ ಬೇಡ ಎಂದರು. ರಂಬುಟಾನ್ ತಂದು ನಾವೇ ಸುಲಿದು ತಿಂದೆವು. ಐಸ್ ವಿಷಯದಲ್ಲೂ ಅವರದೊಂದು ಲೆಕ್ಕ. ನಡುವೆ ತೂತಿರುವ ಕೊಳವೆಯಂಥ ತುಂಡುಗಳು ಕಾರ್ಖಾನೆಯಿಂದ ಚೀಲದಲ್ಲಿ ಬರುತ್ತವೆ, ಪರವಾಗಿಲ್ಲ. ದೊಡ್ಡ ಗಡ್ಡೆಯನ್ನು ಅಲ್ಲೇ ಕುಟ್ಟಿ ಹಾಕುವುದಾದರೆ ಆ ಗಡ್ಡೆ ಎಲ್ಲೆಲ್ಲಿ ಉರುಳಿ ಬಂದಿದೆಯೋ ಯಾರಿಗೆ ಗೊತ್ತು?

ನನ್ನಂಥ ಸಸ್ಯಾಹಾರಿಗಳಿಗೆ ಇನ್ನೊಂದು ತೊಡಕಿದೆ. ಬರೀ ತರಕಾರಿ ಎಂದು ಕಂಡರೂ ಅದರಲ್ಲಿ ಮೀನಿನ ಸಾಸ್ ಇರುತ್ತದೆ. ‘ಮೈ ಸೈ ನಾಮ್ ಪ್ಲಾ’ ಎಂದರೆ ಮೀನಿನ ಸಾಸ್ ಹಾಕಬೇಡಿ ಎಂದರ್ಥ. ಇದಕ್ಕಿಂತ ಸುಲಭ, ಹಳದಿ ಬಣ್ಣದ ಮೇಲೆ ಕೆಂಪಗೆ ನಮ್ಮ ಕಣ್ಣಿಗೆ ಇಂಗ್ಲಿಷಿನ ಹದಿನೇಳರಂತೆ ಕಾಣುವ ಅಕ್ಷರದ ಬೋರ್ಡು ಹುಡುಕುವುದು. ಅದು ‘ಜೇ’ ಊಟದ ಗುರುತು. ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ನಮ್ಮಜ್ಜಿ ಬಂದರೂ ಊಟ ಮಾಡಬಹುದಿತ್ತು.

ಅಂಥ ಗಾಡಿಯೊಂದರಲ್ಲಿ ಫ್ರೈಡ್ ರೈಸ್ ತೆಗೆದುಕೊಂಡೆ. ನನ್ನ ಕಣ್ಣೆದುರೇ ಬೆಂಕಿಯಲ್ಲಿ ಕುಣಿದು ಬಂದ ಅನ್ನ, ರುಚಿ ಹೇಳತೀರದು. ಅರ್ಧ ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿತು. ಬಿಸಾಡಲು ಮನಸ್ಸು ಬರಲಿಲ್ಲ. ಮುಚ್ಚಳ ಒತ್ತಿ ಚೀಲಕ್ಕೆ ಹಾಕಿಕೊಂಡೆ. ಹೋಟೆಲ್ ರೂಮಿನಲ್ಲಿ ಪುಟ್ಟ ಫ್ರಿಜ್ ಇತ್ತು, ಆದರೆ ಅದನ್ನು ಮುಟ್ಟಿದರೆ ಬಿಲ್ ಹಾಕುತ್ತಾರೆಂದು ಯಾರೋ ಹೆದರಿಸಿದ್ದರು. ಡಬ್ಬಿ ರಾತ್ರಿಯಿಡೀ ಮೇಜಿನ ಮೇಲೇ ಇತ್ತು. ರಾತ್ರಿ ಅನ್ನ ಬೆಳಿಗ್ಗೆ ಚಿತ್ರಾನ್ನ ಆಗುವ ಮನೆಯಿಂದ ಬಂದವಳು ನಾನು, ಅನುಮಾನವೇ ಬರಲಿಲ್ಲ. ಆರೂವರೆಗೆ ಎದ್ದು ತಿಂದು ತರಬೇತಿಗೆ ಹೊರಟೆ.

ಒಂಬತ್ತು ಗಂಟೆಗೆ ಹೊಟ್ಟೆ ತೊಳಸತೊಡಗಿತು. ಹತ್ತರ ಹೊತ್ತಿಗೆ ಶೌಚಾಲಯದ ನೆಲದ ಮೇಲೆ ಕೂತಿದ್ದೆ, ಮಧ್ಯಾಹ್ನದೊಳಗೆ ಐದು ಸಲ ವಾಂತಿ. ಮರುದಿನ ಎಲ್ಲ ದೇಶದವರ ಮುಂದೆ ನಾನು ಪ್ರೆಸೆಂಟೇಷನ್ ಕೊಡಬೇಕಿತ್ತು. ಪ್ರೊಬೇಷನ್‌ನಲ್ಲಿರುವ ಹುಡುಗಿ, ‘ಬೀದಿಯಲ್ಲಿ ತಿಂದು ಮಲಗಿದ್ದಾಳೆ’ ಎಂಬ ಮಾತು ಬೆಂಗಳೂರಿಗೆ ತಲುಪಿದರೆ? ವಾಂತಿಗಿಂತ ಆ ಭಯವೇ ಜಾಸ್ತಿಯಾಗಿ ಅತ್ತೆ.

ಅಕ್ಕ ಬೈಯಲಿಲ್ಲ. ರೂಮಿಗೆ ಬಂದು ಮೇಜಿನ ಮೇಲಿನ ಖಾಲಿ ಡಬ್ಬಿ ನೋಡಿ ‘ಇದಾ ವಿಷಯ’ ಎಂದರು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಬೆಚ್ಚಗೆ ಮುಚ್ಚಿಟ್ಟ ಅನ್ನದಲ್ಲಿ ಮೊಳೆತು, ಬೆಳೆದು ವಿಷ ಉಗುಳುತ್ತವೆ. ಆಮೇಲೆ ಎಷ್ಟೇ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ತಿಂದು ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ, ಸಾಮಾನ್ಯವಾಗಿ ಒಂದು ದಿನದಲ್ಲಿ ಸರಿಹೋಗುತ್ತದೆ. ನಾನು ಪರೀಕ್ಷೆ ಮಾಡಿಸಲಿಲ್ಲ ನಿಜ, ಆದರೆ ಗಂಟೆಗಳ ಲೆಕ್ಕ ಹಾಗೇ ಕೂತಿತ್ತು. ಅದೇ ಗಾಡಿಯ ಅದೇ ಅನ್ನವನ್ನು ಬಿಸಿಯಾಗಿ ತಿಂದ ಅಕ್ಕನಿಗೆ ಏನೂ ಆಗಿರಲಿಲ್ಲ. ಗಾಡಿಯವಳ ತಪ್ಪೇನಿತ್ತು?

ಅವಲಕ್ಕಿಯ ಅಡಿಯಲ್ಲಿ ಅಮ್ಮ ತುರುಕಿದ್ದ ಓಆರ್‌ಎಸ್ ಪೊಟ್ಟಣಗಳು ಆಗ ಸಿಕ್ಕವು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದ ಕಾಲರಾ ರೋಗಿಗಳಿಗೆ ಡಾ. ದಿಲೀಪ್ ಮಹಲನಾಬಿಸ್ ಕುಡಿಸಿದ್ದು ಇಂಥದ್ದೇ ನೀರನ್ನು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎಲ್ಲ ಮಟ್ಟಸವಾಗಿ. ಗಟಗಟ ಕುಡಿದರೆ ಮತ್ತೆ ವಾಂತಿ, ಗುಟುಕು ಗುಟುಕಾಗಿ ಕುಡಿಯಬೇಕು. ಜ್ವರ ಬಂದರೆ, ಭೇದಿಯಲ್ಲಿ ರಕ್ತ ಕಂಡರೆ, ನೀರೂ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗುವುದೆಂದು ಅಕ್ಕ ನನ್ನ ಪ್ರಯಾಣ ವಿಮೆಯ ಕಾಗದ ತೆಗೆದಿಟ್ಟುಕೊಂಡೇ ಕೂತಿದ್ದರು. ಆ ಕಾಗದವನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ಓದಿರಲಿಲ್ಲ.

ಮರುದಿನ ಕಾಲು ನಡುಗುತ್ತಿದ್ದರೂ ಪ್ರೆಸೆಂಟೇಷನ್ ಕೊಟ್ಟೆ. ಮೇಜಿನ ಮೇಲಿದ್ದ ಬಾಟಲಿಯಲ್ಲಿ ನೀರಿನ ಬದಲು ಓಆರ್‌ಎಸ್ ಇತ್ತು, ಯಾರಿಗೂ ಗೊತ್ತಾಗಲಿಲ್ಲ. ಶುಕ್ರವಾರ ಸಂಜೆ ಮತ್ತೆ ಯಾವರಾತ್‌ಗೆ ಹೋಗಿ ಅದೇ ಗಾಡಿಯೆದುರು ನಿಂತೆ. ಅರ್ಧ ಸಾಕು ಎಂದು ಕೈಯಲ್ಲೇ ತೋರಿಸಿದೆ. ಆಕೆ ನಕ್ಕು ಪೂರ್ತಿಯೇ ಹಾಕಿದಳು. ಉಳಿಸದೆ ತಿಂದೆವು, ಅಕ್ಕನೂ ನಾನೂ ಸೇರಿ.

ಊರಿಗೆ ಬಂದ ಮೊದಲ ಬೆಳಿಗ್ಗೆ ಅಮ್ಮ ತಟ್ಟೆ ತಂದಿಟ್ಟಳು. ಚಿತ್ರಾನ್ನ!

‘ರಾತ್ರಿ ಅನ್ನ ಫ್ರಿಜ್‌ನಾಗ ಇಟ್ಟಿದ್ದೇನಮ್ಮ?’ ಎಂದೆ.

ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಐದು ದಿನಕ್ಕ ಫಾರಿನ್ ಹೋಗಿ ಬಂದಿದ್ದಕ್ಕ ನಿಂದೊಂದು ಇದು’ ಎಂದು ಒಳಗೆ ಹೋದಳು.