ಸರ್ವದೇವತೆಗಳ ಮಂದಿರದಲ್ಲಿ ಮರಿಯಮ್ಮನವರು

ರೋಮಿಗೆ ಯಾತ್ರೆ ಹೋಗುವ ನಮ್ಮ ಕುಟುಂಬಗಳು ಸಂತ ಪೇತ್ರರ, ಸಂತ ಪೌಲರ ಸಮಾಧಿಗಳ ದರ್ಶನ ಮುಗಿಸಿ, ಉಳಿದ ಒಂದು ದಿನದಲ್ಲಿ ಹಳೆಯ ರೋಮಿನ ಅವಶೇಷಗಳನ್ನು ನೋಡಲು ಹೊರಡುವುದು ವಾಡಿಕೆ. ಆಗ ಕೆಲವರ ಮನದಲ್ಲಿ ಅಳುಕೊಂದು ಏಳುತ್ತದೆ: ಕ್ರೈಸ್ತರನ್ನು ಹಿಂಸಿಸಿದವರ ಗುಡಿಗಳನ್ನು, ಅವರ ದೇವತೆಗಳ ವಿಗ್ರಹಗಳನ್ನು ನಾವು ಮೆಚ್ಚಿ ನೋಡುವುದು ತರವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಉತ್ತರವನ್ನು ಪ್ಯಾಂಥಿಯನ್ನಿನಲ್ಲಿಯೇ ಹುಡುಕೋಣ. ಸರ್ವದೇವತೆಗಳ ಮಂದಿರವೆಂದೇ ಅದರ ಹೆಸರಿನ ಅರ್ಥ. ಮುಖಮಂಟಪದ ಮೇಲೆ ಅಗ್ರಿಪ್ಪನ ಹೆಸರಿದ್ದರೂ ಅವನು ಕಟ್ಟಿಸಿದ್ದು ಉಳಿದಿಲ್ಲ. ಈಗ ನಿಂತಿರುವುದು ಚಕ್ರವರ್ತಿ ಹೇಡ್ರಿಯನ್ನನ ಕಾಲದಲ್ಲಿ, ಸುಮಾರು ಕ್ರಿ.ಶ. 126ರಲ್ಲಿ ಪೂರ್ಣಗೊಂಡದ್ದು. ತನ್ನ ಹೆಸರನ್ನು ಬಿಟ್ಟು ಹಿಂದಿನವನ ಹೆಸರನ್ನು ಕೆತ್ತಿಸಿದ ಅರಸರು ವಿರಳ! ಗುಮ್ಮಟದ ವ್ಯಾಸ 43 ಮೀಟರಿಗೂ ಮಿಗಿಲು, ನೆಲದಿಂದ ಅದರ ಎತ್ತರವೂ ಅಷ್ಟೇ. ಉಕ್ಕಿನ ಸರಳುಗಳಿಲ್ಲದ ಕಾಂಕ್ರೀಟು ಅದು. ಮೇಲೇರಿದಂತೆ ದಪ್ಪ ಕಡಿಮೆಯಾಗುತ್ತದೆ. ತುದಿಯ ಭಾಗಕ್ಕೆ ಹಗುರವಾದ ಜ್ವಾಲಾಮುಖಿ ಕಲ್ಲನ್ನು ಬೆರೆಸಿದ್ದಾರೆ. ನಡುವೆ ಆಕಾಶಕ್ಕೆ ತೆರೆದ ದುಂಡನೆಯ ಕಿಂಡಿ. ಮಳೆ ಒಳಗೇ ಸುರಿದು ನೆಲದ ಸಣ್ಣ ರಂಧ್ರಗಳಲ್ಲಿ ಹರಿದುಹೋಗುತ್ತದೆ.

609ರಲ್ಲಿ ಪೋಪ್ ನಾಲ್ಕನೆಯ ಬೋನಿಫಾಸರು ಈ ಮಂದಿರವನ್ನು ಚಕ್ರವರ್ತಿ ಫೋಕಸನಿಂದ ಪಡೆದು ಮರಿಯಮ್ಮನವರಿಗೂ ಸಕಲ ರಕ್ತಸಾಕ್ಷಿಗಳಿಗೂ ಸಮರ್ಪಿಸಿದರು. ಅದಕ್ಕೆ ಮೊದಲು, 601ರಲ್ಲಿ, ಸಂತ ಮಹಾ ಗ್ರೆಗೊರಿಯವರು ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿಟಸರಿಗೆ ಪತ್ರ ಬರೆದು, ಗುಡಿಗಳನ್ನು ಕೆಡವದೆ, ವಿಗ್ರಹಗಳನ್ನಷ್ಟೇ ತೆಗೆದು, ತೀರ್ಥ ಪ್ರೋಕ್ಷಿಸಿ ಬಳಸುವಂತೆ ತಿಳಿಸಿದ್ದರು. ಇದರಲ್ಲಿ ವಿವೇಕವೆಷ್ಟು, ಗೆದ್ದವರ ಹಮ್ಮೆಷ್ಟು? ಎರಡೂ ಇದ್ದವೆಂದೇ ನಾವು ಬಗೆಯುತ್ತೇವೆ. ಅನ್ಯಧರ್ಮೀಯರೊಡನೆ ಗೋಡೆಗೆ ಗೋಡೆ ತಾಗಿಸಿ ಬಾಳುವ ನಾವು ಇಂದು ಅದನ್ನು ಮಾದರಿಯಾಗಿ ಎತ್ತಿ ಹಿಡಿಯಲಾರೆವು. ಅನ್ಯಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಧರ್ಮಸಭೆ ತಿರಸ್ಕರಿಸದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿದೆ. ಬಹಳ ಹಿಂದೆಯೇ ಸಂತ ಅಗಸ್ಟೀನರು ತತ್ತ್ವಜ್ಞಾನಿಗಳು ಕಂಡ ಸತ್ಯವನ್ನು, ಇಸ್ರಯೇಲರು ಈಜಿಪ್ಟಿನಿಂದ ಹೊತ್ತು ತಂದ ಚಿನ್ನಕ್ಕೆ ಹೋಲಿಸಿದ್ದರು. ಗಣಿ ಯಾರದಾದರೇನು, ಚಿನ್ನ ಚಿನ್ನವೇ ತಾನೆ?

ಪ್ರಾರ್ಥನೆ ನಿಂತುಹೋದ ಗುಡಿಗಳ ಗತಿಯೇನಾಯಿತೆಂದು ತಿಳಿಯಲು ಫೋರಮಿಗೆ ಹೋಗಬೇಕು. ಅಲ್ಲಿನ ಅಮೃತಶಿಲೆಯನ್ನು ಶತಮಾನಗಳ ಕಾಲ ಕಿತ್ತು ಒಯ್ದರು, ಗೂಡಿನಲ್ಲಿ ಸುಟ್ಟು ಸುಣ್ಣ ಮಾಡಿದರು. ಒಯ್ದವರಲ್ಲಿ ನಮ್ಮ ದೇವಾಲಯಗಳನ್ನು ಕಟ್ಟಿದವರೂ ಇದ್ದರೆಂಬುದನ್ನು ಮರೆಮಾಚಬೇಕಾಗಿಲ್ಲ. ಬಲಿಪೀಠವಿದ್ದುದರಿಂದ ಪ್ಯಾಂಥಿಯನ್ ಉಳಿಯಿತು. ಆದರೆ ಪೂರ್ತಿ ಪಾರಾಗಲಿಲ್ಲ. 17ನೇ ಶತಮಾನದಲ್ಲಿ ಬಾರ್ಬೆರಿನಿ ಮನೆತನದ ಪೋಪ್ ಎಂಟನೆಯ ಅರ್ಬನರು ಅದರ ಮುಖಮಂಟಪದ ಕಂಚನ್ನು ಕೀಳಿಸಿ ಫಿರಂಗಿಗಳ ಎರಕಕ್ಕೆ ಕೊಟ್ಟರು. ಬರ್ಬರರು ಮಾಡದ್ದನ್ನು ಬಾರ್ಬೆರಿನಿಗಳು ಮಾಡಿದರೆಂದು ರೋಮಿನ ಜನ ಆಡಿಕೊಂಡರು. ಧರ್ಮಸಭೆಯ ಮಕ್ಕಳಾದ ನಾವು ಈ ಮಾತನ್ನೂ ಕೇಳಿಸಿಕೊಂಡೇ ಮುಂದೆ ನಡೆಯಬೇಕು.

ಇಂದು ಅಲ್ಲಿ ನೂಕುನುಗ್ಗಲು. ಚಿತ್ರಕಾರ ರಫಾಯೆಲನ ಸಮಾಧಿಯ ಮುಂದೆ ಛಾಯಾಚಿತ್ರ ತೆಗೆಯುವವರದೇ ಸಡಗರ. 2023ರ ಜುಲೈಯಲ್ಲಿ ಪ್ರವೇಶ ಶುಲ್ಕವೂ ಬಂತು, ಬಲಿಪೂಜೆಗೆ ಬರುವವರಿಗೆ ವಿನಾಯಿತಿಯಿದೆ. ಹೋಗುವ ಕುಟುಂಬಗಳು ಪೂಜೆಯ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಪವಿತ್ರಾತ್ಮರ ಆಗಮನದ ಹಬ್ಬವಾದರೆ ಇನ್ನೂ ಲೇಸು. ಅಂದು ಪೂಜೆಯ ಕೊನೆಗೆ, ಗುಮ್ಮಟದ ಮೇಲೇರಿದ ಅಗ್ನಿಶಾಮಕ ದಳದವರು ಆ ಕಿಂಡಿಯಿಂದ ಕೆಂಪು ಗುಲಾಬಿಯ ಎಸಳುಗಳನ್ನು ಸುರಿಯುತ್ತಾರೆ. ಅವು ಬೆಳಕಿನಲ್ಲಿ ತೇಲುತ್ತ ನಿಧಾನವಾಗಿ ಭಕ್ತರ ತಲೆಯ ಮೇಲೆ ಇಳಿಯುತ್ತವೆ.